ನಿಮ್ಮ ಕೈಯ ಗುರುತು: ಚಿತ್ರ ಬರೆಯುವವರು ಸ್ವಂತ ಶೈಲಿ ಕಂಡುಕೊಳ್ಳುವುದು ಹೇಗೆ?

ಚಿತ್ರ ಬರೆಯುವುದನ್ನು ಕಲಿತು ಒಂದೆರಡು ವರ್ಷ ಆದವರಿಗೆ ಒಂದು ಚಿಂತೆ ಶುರುವಾಗುತ್ತದೆ. ಕೈ ಕುದುರಿರುತ್ತದೆ, ಅಳತೆ ತಪ್ಪುವುದಿಲ್ಲ, ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಆದರೆ ಹತ್ತು ಜನರ ಚಿತ್ರಗಳ ನಡುವೆ ಇಟ್ಟರೆ ಯಾವುದು ಯಾರದ್ದು ಅಂತ ಹೇಳಲಾಗದು. ನನ್ನ ತರಗತಿಗೆ ಬರುವವರು ಜಾಸ್ತಿ ಕೇಳುವುದು ಇದನ್ನೇ. ‘ಸ್ವಂತ ಶೈಲಿ ಯಾವಾಗ ಬರುತ್ತೆ ಸರ್?’ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ‘ಬೇರೆಯವರದ್ದನ್ನು ನೋಡಿ ಬರೆದರೆ ಅದು ಕದ್ದ ಹಾಗಲ್ವಾ?’

ನಾನು ಕಂಡ ಹಾಗೆ, ಶೈಲಿಯನ್ನು ಮೊದಲೇ ತೀರ್ಮಾನ ಮಾಡಿಕೊಂಡು ಹೊರಟವರು ಬೇಗ ಸೊರಗುತ್ತಾರೆ. ತುಂಬ ನೋಡಿ, ತುಂಬ ನಕಲು ಮಾಡಿ, ಸುತ್ತಲಿನದನ್ನೇ ಮತ್ತೆ ಮತ್ತೆ ಬರೆದು, ಯಾವುದನ್ನು ಉಳಿಸಿಕೊಳ್ಳಬೇಕು ಯಾವುದನ್ನು ಬಿಡಬೇಕು ಅಂತ ಕೂತು ಆರಿಸಿದವರಿಗೆ ಅದು ಕೂಡಿ ಬರುತ್ತದೆ. ಆ ಆರಿಸುವ ಕೆಲಸವನ್ನು ಹೇಗೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ. ಇದಕ್ಕೆ ದುಬಾರಿ ಸಾಮಾನು ಬೇಡ. ಪೆನ್ಸಿಲ್, ಒಂದು ಕಪ್ಪು ಪೆನ್, ಒಂದು ರೌಂಡ್ ಬ್ರಷ್, ಒಂದು ಬಾಟಲಿ ಕಪ್ಪು ಇಂಕ್, ಜೆರಾಕ್ಸ್ ಪೇಪರಿನ ಒಂದು ಬಂಡಲ್ ಸಾಕು. ಕಾಗದ ಅಗ್ಗದ್ದಾದರೆ ಹಾಳಾಗುತ್ತದೆ ಅನ್ನುವ ಭಯ ಇರುವುದಿಲ್ಲ.

1. ಮೆಚ್ಚಿದ್ದನ್ನು ಬಿಡಿಸಿ ನೋಡಿ

ನಿಮ್ಮ ಫೋನಿನಲ್ಲಿ ಸೇವ್ ಮಾಡಿಟ್ಟ ಚಿತ್ರಗಳು ನೂರಾರು ಇರುತ್ತವೆ. ಅದರಲ್ಲಿ ಇಪ್ಪತ್ತನ್ನು ಆರಿಸಿ. ಒಂದೊಂದಕ್ಕೂ ಒಂದು ಸಾಲು ಬರೆಯಿರಿ. ‘ಸೂಪರ್ ಆಗಿದೆ’ ಅಂತ ಬರೆದರೆ ಉಪಯೋಗವಿಲ್ಲ. ಏನು ಹಿಡಿಸಿತು? ಗೆರೆ ದಪ್ಪವಾಗಿ ಶುರುವಾಗಿ ತೆಳ್ಳಗೆ ಮುಗಿಯುವುದಾ? ಖಾಲಿ ಬಿಟ್ಟ ಜಾಗವಾ? ನೆರಳಿಗೆ ಕಪ್ಪು ಹಾಕದೆ ನೀಲಿ ಹಾಕಿದ್ದಾ? ಮುಖ ತೋರಿಸದೆ ಬೆನ್ನು ತೋರಿಸಿದ್ದಾ?

ಇಪ್ಪತ್ತೂ ಮುಗಿದ ಮೇಲೆ ಒಟ್ಟಿಗೆ ಓದಿ. ಒಂದೆರಡು ಮಾತು ಪದೇ ಪದೇ ಬಂದಿರುತ್ತವೆ. ಆ ಪಟ್ಟಿಯನ್ನು ಜೋಪಾನ ಮಾಡಿ, ಮುಂದೆ ಬೇಕಾಗುತ್ತದೆ.

ಇಪ್ಪತ್ತೂ ಚಿತ್ರ ಒಬ್ಬರದ್ದೇ ಆಗಿದ್ದರೆ ಅಥವಾ ಎಲ್ಲವೂ ಈ ಎರಡು ವರ್ಷದಲ್ಲಿ ಫೋನಿನಲ್ಲಿ ಓಡಾಡಿದ್ದೇ ಆಗಿದ್ದರೆ ಮಾತ್ರ ಸ್ವಲ್ಪ ನಿಲ್ಲಿ. ಒಂದೇ ಬಾವಿಯ ನೀರು ಕುಡಿದವರ ಚಿತ್ರಗಳು ಒಂದೇ ಥರ ಕಾಣುತ್ತವೆ. ಬೇರೆ ಕಾಲದ್ದು ಒಂದು, ಬೇರೆ ಊರಿನದ್ದು ಒಂದು, ನಿಮಗೆ ಅಷ್ಟಾಗಿ ಅರ್ಥವಾಗದ್ದು ಒಂದು ಸೇರಿಸಿ. ಕೆ. ವೆಂಕಟಪ್ಪನವರನ್ನೇ ನೋಡಿ. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಮನೆಯ ಸೂಕ್ಷ್ಮ ಕುಸುರಿ ಒಂದು ಕಡೆ, ಬಂಗಾಳದವರ ತೆಳುಬಣ್ಣದ ವಾಶ್ ಇನ್ನೊಂದು ಕಡೆ. ಎರಡೂ ಕೈಯಲ್ಲಿ ಇದ್ದವರು ಮುಂದೆ ಊಟಿಯ ಬೆಟ್ಟ, ಮಂಜುಗಳನ್ನು ಜಲವರ್ಣದಲ್ಲಿ ಬರೆದಾಗ ಅದು ಎರಡರ ಹಾಗೂ ಇರಲಿಲ್ಲ. ಅವರ ಹೆಸರಿನ ಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ.

2. ನಕಲು ಮಾಡಿ, ಮೂರು ಸಲ, ಮೂರು ರೀತಿ

ನಕಲು ಅಂದ ಕೂಡಲೇ ಕೆಲವರು ಮುಖ ಸಿಂಡರಿಸುತ್ತಾರೆ. ಬೇರೆಯವರ ಪ್ರಭಾವ ತಗುಲಿದರೆ ತಮ್ಮತನ ಹೋಗುತ್ತದೆ ಅಂತ ಅವರ ಹೆದರಿಕೆ. ನನಗೆ ಇದರ ಉಲ್ಟಾ ನಂಬಿಕೆ ಇದೆ. ಯಾರನ್ನೂ ನಕಲು ಮಾಡದವರು ಕೂಡ ಜಾಹೀರಾತು, ಕಾರ್ಟೂನು, ಕ್ಯಾಲೆಂಡರ್ ಎಲ್ಲದರಿಂದ ಗೊತ್ತಿಲ್ಲದೆ ಎತ್ತಿಕೊಂಡಿರುತ್ತಾರೆ. ಗೊತ್ತಿದ್ದು ತೆಗೆದುಕೊಂಡರೆ ಬೇಡವಾದಾಗ ವಾಪಸ್ ಇಡಬಹುದು.

ವ್ಯಾನ್ ಗೋ 1880ರ ಸುಮಾರಿಗೆ ಚಿತ್ರಕಲೆಗೆ ಇಳಿದಾಗ ಮಾಡಿದ್ದು ಶಾರ್ಲ್ ಬಾರ್ಗ್ ಎಂಬಾತನ ಅಭ್ಯಾಸದ ಹಾಳೆಗಳನ್ನು ನೋಡಿ ಬರೆಯುವ ಕೆಲಸ. 1887ರಲ್ಲಿ ಪ್ಯಾರಿಸ್ಸಿನಲ್ಲಿ ಜಪಾನಿನ ಹಿರೋಶಿಗೆಯ ಅಚ್ಚುಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದರು. ಅದರಲ್ಲಿ ಒಂದಕ್ಕೆ ಚೌಕ ಹಾಕಿ ಟ್ರೇಸ್ ಮಾಡಿಕೊಂಡ ಕಾಗದ ಈಗಲೂ ಇದೆ. ಅಷ್ಟು ಶಿಸ್ತಾಗಿ ನಕಲು ಮಾಡಿಯೂ ಬಣ್ಣವನ್ನು ಮೂಲಕ್ಕಿಂತ ಗಾಢ ಮಾಡಿದರು. ಸುತ್ತಲೂ ಒಂದು ಅಂಚು ಕಟ್ಟಿ, ಬೇರೆ ಅಚ್ಚುಚಿತ್ರಗಳಿಂದ ಜಪಾನಿ ಅಕ್ಷರ ತಂದು ತುಂಬಿದರು. ಕೊನೆಗಾಲದಲ್ಲಿ, 1889–90ರಲ್ಲಿ, ಆಸ್ಪತ್ರೆಯಲ್ಲಿದ್ದಾಗಲೂ ಫ್ರಾನ್ಸಿನ ಚಿತ್ರಕಾರ ಮಿಲೆಯ ರೈತರ ಚಿತ್ರಗಳನ್ನು ಕಪ್ಪು-ಬಿಳುಪು ಪ್ರತಿ ಇಟ್ಟುಕೊಂಡು ಮತ್ತೆ ಬರೆದರು. ಬಣ್ಣವನ್ನು ತಾವೇ ಊಹಿಸಿ ಹಚ್ಚಬೇಕಾಗಿತ್ತು. ಆ ಚಿತ್ರಗಳ ಮುಂದೆ ನಿಂತವರು ಯಾರೂ ಅದು ಮಿಲೆ ಬರೆದದ್ದು ಅಂತ ಮೋಸ ಹೋಗುವುದಿಲ್ಲ.

ಈಗ ನಿಮ್ಮ ಸರದಿ. ಇಪ್ಪತ್ತರಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ.

ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅವಸರ ಬೇಡ. ಗೆರೆ ಎಲ್ಲಿಂದ ಶುರುವಾಯಿತು, ಬ್ರಷ್ ಯಾವ ಕಡೆ ಹೋಯಿತು, ಎಲ್ಲಿ ಕೈ ಎತ್ತಿದರು ಅಂತ ಹುಡುಕುತ್ತಾ ಬರೆಯಿರಿ. ಹಾಳೆಯ ಹಿಂದೆ ಮೂಲ ಕಲಾವಿದರ ಹೆಸರು, ತಾರೀಖು ಬರೆದಿಡಿ.

ಎರಡನೆಯದು ಮಾರನೆಯ ದಿನ, ಮೂಲವನ್ನು ಮುಚ್ಚಿಟ್ಟು, ನೆನಪಿನಿಂದ. ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬೇರೆಯಾಯಿತೋ ಅಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಮರೆತು ಬಿಟ್ಟದ್ದು ಬಹುಶಃ ನಿಮಗೆ ಬೇಡವಾದದ್ದು. ಗೊತ್ತಿಲ್ಲದೆ ದೊಡ್ಡದು ಮಾಡಿದ್ದು, ಚೂಪು ಮಾಡಿದ್ದು, ಬಾಗಿಸಿದ್ದು ಇದೆಯಲ್ಲ, ಅಲ್ಲಿ ನಿಮ್ಮ ಒಲವು ಇದೆ. ಈ ಕೆಂಪು ಗುರುತುಗಳು ಕಲಿಸುವಷ್ಟು ಬೇರೆ ಯಾವುದೂ ಕಲಿಸುವುದಿಲ್ಲ. ಹೆಚ್ಚಿನವರು ಈ ಹಂತವನ್ನೇ ಹಾರಿಸಿಬಿಡುತ್ತಾರೆ, ದಯವಿಟ್ಟು ಹಾರಿಸಬೇಡಿ.

ಮೂರನೆಯ ಸಲ ಆ ರೀತಿಯನ್ನು ಮಾತ್ರ ಉಳಿಸಿಕೊಂಡು ನಿಮ್ಮದೇ ವಸ್ತುವನ್ನು ಬರೆಯಿರಿ. ಅಜ್ಜಿ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಾರೆ ಅಂದುಕೊಳ್ಳಿ. ಒಂದು ಮೊಣಕಾಲು ಮೇಲೆ ಎದ್ದಿದೆ. ಇನ್ನೊಂದು ಕಾಲು ಮಡಚಿ ಮಣೆಯನ್ನು ಒತ್ತಿ ಹಿಡಿದಿದೆ. ಬೆನ್ನು ಬಾಗಿದೆ, ಎರಡು ಕೈಯೂ ಅಲಗಿನ ಹತ್ತಿರ ಬಂದು ಸೇರಿವೆ.

ಕೆ.ಕೆ. ಹೆಬ್ಬಾರರ ಗೆರೆಚಿತ್ರಗಳನ್ನು ನಕಲು ಮಾಡಿ ಬಂದ ಕೈಯಾದರೆ ಗೆರೆ ಕತ್ತಿನ ಹಿಂದಿನಿಂದ ಹೊರಟು, ಬೆನ್ನ ಮೇಲೆ ಜಾರಿ, ಸೊಂಟದಲ್ಲಿ ತಿರುಗಿ, ಮೊಣಕಾಲಿನ ತನಕ ಒಂದೇ ಉಸಿರಿಗೆ ಹೋಗುತ್ತದೆ. ಸೀರೆಯ ನೆರಿಗೆ ಬೇಡ, ಮುಖವೂ ಅಷ್ಟು ಬೇಡ, ಬಾಗಿದ ಭಾರ ಸಿಕ್ಕರೆ ಸಾಕು ಅನಿಸುತ್ತದೆ. ಅದೇ ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನು ನೋಡಿ ಬಂದ ಕೈ ಬೇರೆ ಮಾಡುತ್ತದೆ. ಅಂಚು, ಬಳೆ, ಓಲೆ, ಮೂಗುತಿ ಎಲ್ಲ ಒಂದೊಂದಾಗಿ ಬೇಕು. ಗೆರೆ ತೆಳ್ಳಗೆ, ಎಲ್ಲೂ ಕಡಿಯದೆ ಸುತ್ತಿ ಬರಬೇಕು. ಮಲೆನಾಡಿನ ಹಸೆ ಚಿತ್ತಾರದ ಗೋಡೆ ನೋಡಿ ಬಂದವರಿಗೆ ಅಜ್ಜಿಯ ಮೈ ತ್ರಿಕೋನವಾಗಿ, ಈಳಿಗೆಮಣೆ ಒಂದು ಕೊಕ್ಕೆಯಾಗಿ ಕಾಣಬಹುದು.

ಹೀಗೆ ಬೇರೆ ಬೇರೆ ರೀತಿಗಳಲ್ಲಿ ಅಜ್ಜಿಯನ್ನು ಬರೆದು ಮುಗಿದ ಮೇಲೆ ನೋಡಬೇಕಾದ್ದು ಒಂದೇ. ಎಲ್ಲಿ ನೀವು ಮೂಲದ ಮಾತು ಕೇಳಲಿಲ್ಲ? ಹೆಬ್ಬಾರರ ರೀತಿಯಲ್ಲಿ ಬೆರಳುಗಳನ್ನು ಒಂದೆರಡು ಗೀಟಿನಲ್ಲಿ ಮುಗಿಸಬೇಕಿತ್ತು. ಆದರೆ ಅಜ್ಜಿಯ ಬೆರಳ ಗೆಣ್ಣು ಊದಿರುವುದನ್ನು ಬರೆಯದೆ ಬಿಡಲು ನಿಮಗೆ ಮನಸ್ಸು ಬರಲಿಲ್ಲ. ಮೈಸೂರು ರೀತಿಯಲ್ಲೂ ಆ ಗೆಣ್ಣು ಬಂತು. ತ್ರಿಕೋನದ ಅಜ್ಜಿಗೂ ಬಂತು. ಆ ಹಟ ನಿಮ್ಮದು. ಅದನ್ನು ಬರೆದಿಟ್ಟುಕೊಳ್ಳಿ.

ಹೆಬ್ಬಾರರು ಈ ದಾರಿಯಲ್ಲಿ ನಡೆದು ಬಂದವರೇ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತದ್ದು ಯುರೋಪಿನ ಪದ್ಧತಿ. ಆಮೇಲೆ ಜೈನ ಹಸ್ತಪ್ರತಿಗಳ ಚಿತ್ರ, ರಜಪೂತ ಮತ್ತು ಮೊಘಲ್ ಚಿತ್ರಗಳನ್ನು ನೋಡಿದರು. ಅಮೃತಾ ಶೇರ್‌ಗಿಲ್ ಕೆಲಸದಿಂದ ಪ್ರಭಾವಿತರಾದರು. ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದರು. ನೃತ್ಯದ ಲಯ ತಿಳಿಯಬೇಕು ಅಂತ ಕಥಕ್ ಕೂಡ ಕಲಿತರು. ಇಷ್ಟೆಲ್ಲ ಒಳಗೆ ಹೋದ ಮೇಲೆ ನರ್ತಕಿಯ ದೇಹವನ್ನು ನಾಲ್ಕೈದು ಗೆರೆಯಲ್ಲಿ ಕುಣಿಸುವ ಆ ಕೈ ಬಂತು.

ಸಂಗೀತದವರಿಗೆ ಇದು ಹೊಸ ಮಾತೇನಲ್ಲ. ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠ ಎಂಬ ಹುಡುಗ ಗ್ರಾಮಫೋನ್ ರೆಕಾರ್ಡ್ ಕೇಳಿ ದೊಡ್ಡ ದೊಡ್ಡ ಗಾಯಕರನ್ನು ಹಾಗ್ಹಾಗೇ ಹಾಡಿ ತೋರಿಸುತ್ತಿದ್ದ. ಅದಕ್ಕೇ ಹೆಸರಾಗಿದ್ದ. ಮುಂದೆ ಕುಮಾರ ಗಂಧರ್ವ ಅಂತ ಕರೆಸಿಕೊಂಡದ್ದು ಆ ಹುಡುಗನೇ. ಆಮೇಲೆ ಮುಂಬಯಿಯಲ್ಲಿ ಸಂಗೀತ ಗುರು ಬಿ.ಆರ್. ದೇವಧರ್ ಅವರ ಹತ್ತಿರ ಹಲವು ಘರಾಣೆಗಳ, ಅಂದರೆ ಹಾಡುವ ಪರಂಪರೆಗಳ, ರೀತಿ ಕಲಿತರು. ಕ್ಷಯ ಬಂದು ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಡಲಾಗದೆ ಮಲಗಿದಾಗ ಮಾಳವದ ಹಳ್ಳಿ ಹಾಡುಗಳು ಕಿವಿಗೆ ಬಿದ್ದವು. ಮತ್ತೆ ಎದ್ದು ಹಾಡಿದಾಗ ಕುಮಾರ ಗಂಧರ್ವ ಯಾರ ಹಾಗೂ ಇರಲಿಲ್ಲ. ಅಷ್ಟೊಂದು ಅನುಕರಣೆ ಅವರನ್ನು ಅಳಿಸಿ ಹಾಕಲಿಲ್ಲ ಅನ್ನುವುದು ನನಗೆ ದೊಡ್ಡ ಧೈರ್ಯ.

3. ಒಂದೇ ವಸ್ತುವನ್ನು ಸಾಕಾಗುವ ತನಕ ಬರೆಯಿರಿ

ಆರ್.ಕೆ. ಲಕ್ಷ್ಮಣ್ ಜೀವನಪೂರ್ತಿ ಕಾಗೆ ಬರೆದರು. ಮೈಸೂರಿನ ಬಾಲ್ಯದಿಂದ ಹಿಡಿದ ಹುಚ್ಚು ಅದು. ವ್ಯಂಗ್ಯಚಿತ್ರದಲ್ಲಿ ಅವರು ಬ್ರಿಟನ್ನಿನ ಡೇವಿಡ್ ಲೋ ಅವರನ್ನು ನೋಡಿ ಕಲಿತವರು. ಆದರೆ ಆ ಕಾಗೆ ಲೋ ಕಡೆಯಿಂದ ಬಂದದ್ದಲ್ಲ, ಮನೆಯ ಮುಂದಿನ ಮರದಿಂದ ಬಂದದ್ದು.

ನಿಮ್ಮ ದಾರಿಯಲ್ಲಿ ದಿನಾ ಸಿಗುವ ಒಂದನ್ನು ಹಿಡಿಯಿರಿ. ಎಳನೀರಿನ ಗಾಡಿ, ಬಸ್‌ಸ್ಟ್ಯಾಂಡಿನ ಬೆಂಚು, ಇಸ್ತ್ರಿ ಅಂಗಡಿ, ಯಾವುದಾದರೂ ಸರಿ. ಮೂವತ್ತು ಸಲ ಬರೆಯಿರಿ. ಕೆಲವನ್ನು ಎರಡು ನಿಮಿಷದಲ್ಲಿ, ಕೆಲವನ್ನು ಒಂದು ಗಂಟೆಯಲ್ಲಿ. ಮೊದಲ ಹತ್ತು ಚಿತ್ರ ಯಾರು ಬೇಕಾದರೂ ಬರೆಯಬಹುದಾದವು. ಎಳನೀರು ಅಂದರೆ ಹಸಿರು ಗುಡ್ಡೆ, ಮೇಲೊಂದು ಛತ್ರಿ. ಹತ್ತು ದಾಟಿದ ಮೇಲೆ ನೋಡಿದ್ದು ಮುಗಿಯುತ್ತದೆ, ಮತ್ತೆ ನೋಡಲೇಬೇಕಾಗುತ್ತದೆ. ಮಚ್ಚಿನ ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು ಕಾಣುತ್ತದೆ. ಕೆತ್ತಿದ ಸಿಪ್ಪೆ ಯಾವ ಕಡೆ ಬೀಳುತ್ತದೆ, ಅದು ಒಣಗಿ ಎರಡು ದಿನಕ್ಕೆ ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ ಕಾಣುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗದ ಚಿತ್ರ ಶುರುವಾಗುವುದು ಅಲ್ಲಿಂದ.

4. ಒಂದು ತಿಂಗಳು ಕೈ ಕಟ್ಟಿ

ಒಂದೇ ಪೆನ್, ಒಂದೇ ಅಳತೆಯ ಹಾಳೆ, ಕಪ್ಪಿನ ಜೊತೆ ಒಂದೇ ಬಣ್ಣ. ತಿಂಗಳು ಪೂರ್ತಿ ಬೇರೆ ಏನೂ ಮುಟ್ಟಬೇಡಿ. ಡಿಜಿಟಲ್‌ನಲ್ಲಿ ಬರೆಯುವವರು ಒಂದೇ ಬ್ರಷ್ ಇಟ್ಟುಕೊಂಡು, ಬರೆದದ್ದನ್ನು ವಾಪಸ್ ತೆಗೆಯುವ ‘ಅನ್‌ಡೂ’ (undo) ಒತ್ತದೆ ಬರೆಯಲಿ. ನೆರಳು ತೋರಿಸಲು ಬಣ್ಣ ಇಲ್ಲ ಅಂದಾಗ ಒಬ್ಬರು ಅಡ್ಡಗೀಟು ಹಾಕುತ್ತಾರೆ, ಒಬ್ಬರು ಪೂರ್ತಿ ಕಪ್ಪು ಮಾಡುತ್ತಾರೆ, ಇನ್ನೊಬ್ಬರು ನೆರಳನ್ನೇ ಬಿಡುತ್ತಾರೆ. ನೀವು ಯಾವುದು ಮಾಡಿದಿರಿ ಅಂತ ಗಮನಿಸಿ.

5. ಎಲ್ಲವನ್ನೂ ನೆಲದ ಮೇಲೆ ಹರಡಿ

ಎರಡು ಮೂರು ತಿಂಗಳ ಕೆಲಸ ಕೂಡಿದ ಮೇಲೆ ನಡುಮನೆಯ ನೆಲದ ಮೇಲೆ ಎಲ್ಲ ಹಾಳೆ ಹರಡಿ. ಫೋನಿನಲ್ಲಿ ಒಂದೊಂದೇ ಸರಿಸಿ ನೋಡಿದರೆ ಈ ಕೆಲಸ ಆಗುವುದಿಲ್ಲ. ಎದ್ದು ನಿಂತು ದೂರದಿಂದ ನೋಡಿ. ಮೂರು ಗುಂಪು ಮಾಡಿ: ಬರೆಯುವಾಗ ಖುಷಿ ಕೊಟ್ಟವು, ನೋಡಲು ಚೆನ್ನಾಗಿದ್ದರೂ ಬರೆಯುವಾಗ ಬೇಜಾರಾದವು, ಸೋತವು. ಎರಡನೆಯ ಗುಂಪು ಮೋಸಗಾರ. ಜನ ಮೆಚ್ಚುವುದು ಹೆಚ್ಚಾಗಿ ಅದನ್ನೇ, ಅದನ್ನೇ ಶೈಲಿ ಅಂತ ಹಿಡಿದುಕೊಂಡರೆ ಒಂದು ವರ್ಷದಲ್ಲಿ ಚಿತ್ರ ಬರೆಯುವುದೇ ಬೇಡ ಅನಿಸುತ್ತದೆ. ಸೋತವುಗಳನ್ನು ಎಸೆಯಬೇಡಿ. ಮೊದಲ ಹಂತದಲ್ಲಿ ಬರೆದ ಪಟ್ಟಿ ತಂದು ಪಕ್ಕದಲ್ಲಿಡಿ. ಪಟ್ಟಿಯಲ್ಲಿದ್ದ ಮಾತು ಸೋತ ಚಿತ್ರದ ಒಂದು ಮೂಲೆಯಲ್ಲಿ ಕಾಣಿಸಿಕೊಂಡಿರುವುದು ಎಷ್ಟೋ ಸಲ ಇದೆ.

ಈಗ ಮತ್ತೆ ಮತ್ತೆ ಬಂದದ್ದನ್ನು ಹುಡುಕಿ. ಎಲ್ಲ ಮುಖವೂ ಎಡಕ್ಕೇ ತಿರುಗಿವೆಯಾ? ಎಲ್ಲರ ಕೈಯೂ ಬೆನ್ನ ಹಿಂದೆ, ಜೇಬಿನೊಳಗೆ, ಸೆರಗಿನ ಕೆಳಗೆ ಇದೆಯಾ? ಇಲ್ಲಿ ಕಟುವಾಗಿ ಕೇಳಿಕೊಳ್ಳಬೇಕು. ಇದು ನಾನು ಆರಿಸಿದ್ದಾ, ಬರೆಯಲು ಬಾರದೆ ತಪ್ಪಿಸಿಕೊಂಡದ್ದಾ? ಪರೀಕ್ಷೆ ಸುಲಭ. ಬಲಕ್ಕೆ ತಿರುಗಿದ ಐದು ಮುಖ ಬರೆಯಿರಿ. ಕೈಗಳನ್ನೇ ಒಂದು ವಾರ ಬರೆಯಿರಿ. ಬರೆಯಲು ಬಂದ ಮೇಲೂ ಕೈ ಮುಚ್ಚಿದ ಆಕೃತಿಯೇ ನಿಮಗೆ ಇಷ್ಟವಾದರೆ ಅದು ಶೈಲಿ. ಅಲ್ಲಿಯ ತನಕ ಅದು ಕೊರತೆ, ಅದಕ್ಕೆ ಅಭ್ಯಾಸವೇ ಮದ್ದು. ‘ನನ್ನ ಸ್ಟೈಲೇ ಹೀಗೆ’ ಅನ್ನುವ ಮಾತನ್ನು ಈ ಪರೀಕ್ಷೆಗೆ ಮೊದಲು ಬಳಸಿದವರು ಅಲ್ಲೇ ನಿಂತುಬಿಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಳ್ಳೆಯ ಕೈಗಳು ಅವು.

ಸಾಧ್ಯವಾದರೆ ಚಿತ್ರ ಬರೆಯದ ಒಬ್ಬರನ್ನು ಕರೆದು ತೋರಿಸಿ. ‘ಹೇಗಿದೆ?’ ಅಂತ ಕೇಳಬೇಡಿ. ‘ಇದರಲ್ಲಿ ಯಾವ ಯಾವುದು ಒಬ್ಬರೇ ಬರೆದ ಹಾಗಿದೆ?’ ಅಂತ ಕೇಳಿ. ಅವರು ಕೂಡಿಸಿದ ಗುಂಪು ನಿಮ್ಮ ಲೆಕ್ಕಕ್ಕೆ ಸಿಗದ್ದಾಗಿರುತ್ತದೆ.

6. ಪ್ರಭಾವ ಎಲ್ಲಿಯ ತನಕ, ಕಳವು ಎಲ್ಲಿಂದ?

ಮನಸ್ಸಿನ ಗೊಂದಲಕ್ಕೆ ಕಾನೂನು ಪೂರ್ತಿ ಉತ್ತರ ಕೊಡುವುದಿಲ್ಲ. ಆದರೂ ತಿಳಿದಿರಬೇಕು. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಾಪಾಡುವುದು ಬರೆದು ಮುಗಿಸಿದ ಕೃತಿಯನ್ನು. ಬರೀ ಐಡಿಯಾ, ವಿಷಯಕ್ಕೆ ಹಕ್ಕು ಇಲ್ಲ ಅಂತ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಮಳೆಯಲ್ಲಿ ಕೊಡೆ ಹಿಡಿದ ಹುಡುಗಿಯನ್ನು ಯಾರು ಬೇಕಾದರೂ ಬರೆಯಬಹುದು. ಇನ್ನೊಬ್ಬರು ಬರೆದ ಅದೇ ಹುಡುಗಿಯನ್ನು, ಅದೇ ಕೊಡೆ, ಅದೇ ಓರೆಯಲ್ಲಿ ಬರೆದು ಮಾರುವ ಹಾಗಿಲ್ಲ. ಚಿತ್ರದ ಹಕ್ಕು ಕಲಾವಿದರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಇರುತ್ತದೆ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಅದನ್ನು 60 ಮಾಡಿದರು. ಹಕ್ಕು ಮಾರಿದ ಮೇಲೂ ಕೃತಿಯ ಜೊತೆ ತನ್ನ ಹೆಸರು ಇರಬೇಕು ಅಂತ ಕೇಳುವ ಅಧಿಕಾರ ಕಲಾವಿದರಿಗೆ 57ನೇ ಸೆಕ್ಷನ್ ಪ್ರಕಾರ ಇದೆ. ಮನೆಯಲ್ಲಿ ಕಲಿಯಲು ನಕಲು ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಕಾನೂನು ಮುಟ್ಟದ ಜಾಗದಲ್ಲಿ ನಾನು ಪಾಲಿಸುವ ಕ್ರಮ ಹೇಳುತ್ತೇನೆ. ನಕಲು ಮಾಡಿದ್ದನ್ನು ಹಂಚಿಕೊಂಡರೆ ಮೂಲ ಕಲಾವಿದರ ಹೆಸರು ಮೊದಲ ಸಾಲಿನಲ್ಲಿ. ಕಲಿಕೆಯ ನಕಲನ್ನು ಮಾರುವುದಿಲ್ಲ, ಸ್ಪರ್ಧೆಗೆ ಕಳಿಸುವುದಿಲ್ಲ. ಒಬ್ಬರ ಹತ್ತಿರದಿಂದಲೇ ಎಲ್ಲ ತೆಗೆದುಕೊಂಡಿದ್ದರೆ, ಅಂದರೆ ಗೆರೆ ಅವರದ್ದು, ಬಣ್ಣ ಅವರದ್ದು, ವಸ್ತುವೂ ಅವರದ್ದು ಆಗಿದ್ದರೆ ಆ ಚಿತ್ರ ಇನ್ನೂ ಹೊರಗೆ ಹೋಗಲು ತಯಾರಿಲ್ಲ. ಮೂರರಲ್ಲಿ ಕನಿಷ್ಠ ಎರಡು ಬೇರೆ ಕಡೆಯಿಂದ ಬರಲಿ, ವಸ್ತುವಂತೂ ನೀವು ಕಣ್ಣಾರೆ ಕಂಡದ್ದಿರಲಿ. ಬೇರೆಯವರು ತೆಗೆದ ಫೋಟೋ ನೋಡಿ ಬರೆಯುವಾಗ ಇದು ಇನ್ನೂ ಮುಖ್ಯ. ಫೋಟೋಗೂ ಹಕ್ಕುದಾರರು ಇದ್ದಾರೆ. ಕೇಳಿ, ಇಲ್ಲವೇ ನಿಮ್ಮದೇ ಫೋಟೋ ತೆಗೆಯಿರಿ.

ಜನಪದ ಕಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಬ್ರಷ್, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಂದ ಹಳದಿ. ಮದುವೆ ಮನೆಯ ಆ ಗೋಡೆಯ ಕೆಳಗೆ ಯಾರ ಸಹಿಯೂ ಇರುವುದಿಲ್ಲ. ಸಹಿ ಇಲ್ಲ ಅಂದ ಮಾತ್ರಕ್ಕೆ ಯಾರದ್ದೂ ಅಲ್ಲ ಅಂತಲ್ಲ. ಆ ಎಳೆಗಳನ್ನು ಹಾಗೇ ಎತ್ತಿ ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿ ‘ನನ್ನ ಡಿಸೈನ್’ ಅನ್ನುವುದು ತಪ್ಪು. ಕಲಿಯಬೇಕು ಅನಿಸಿದರೆ ಬರೆಯುವವರ ಹತ್ತಿರವೇ ಹೋಗಿ ಕಲಿಯಿರಿ, ಕಲಿಸಿದ್ದಕ್ಕೆ ಹಣ ಕೊಡಿ, ಯಾರಿಂದ ಕಲಿತದ್ದು ಅಂತ ಅವರ ಒಪ್ಪಿಗೆ ಪಡೆದು ಹೇಳಿ.

ಎಐ ಬಗ್ಗೆಯೂ ಕೇಳುತ್ತಾರೆ. 2025ರ ಮಾರ್ಚ್‌ನಲ್ಲಿ ಎಲ್ಲರ ಫೋಟೋವೂ ಎಐ ಮೂಲಕ ಜಪಾನಿನ ಜಿಬ್ಲಿ ಎಂಬ ಅನಿಮೇಷನ್ ಸ್ಟುಡಿಯೋದ ರೀತಿಗೆ ತಿರುಗಿತ್ತು, ನೆನಪಿರಬೇಕು. ನೋಡಲು ಮುದ್ದಾಗಿದ್ದವು. ಆದರೆ ಗೆರೆ ಎಲ್ಲಿ ಎತ್ತಬೇಕು, ಯಾವುದನ್ನು ಬಿಡಬೇಕು ಅನ್ನುವ ಒಂದು ತೀರ್ಮಾನವೂ ಕೇಳಿದವರದ್ದಾಗಿರಲಿಲ್ಲ. ಶೈಲಿ ಹುಡುಕುತ್ತಿರುವ ಕಾಲದಲ್ಲಿ ಅದನ್ನು ದೂರ ಇಡಿ ಅನ್ನುವುದು ನನ್ನ ಸಲಹೆ. ನಿಮಗೆ ಬೇಕಾಗಿರುವುದೇ ಆ ತೀರ್ಮಾನಗಳ ಅಭ್ಯಾಸ.

7. ಹೆಸರು ಬಂದ ಮೇಲೆ

ಒಂದು ರೀತಿಯ ಚಿತ್ರಕ್ಕೆ ಲೈಕು, ಆರ್ಡರು ಬರಲು ಶುರುವಾದರೆ ಅಲ್ಲೇ ಕಟ್ಟಿಹಾಕಿಕೊಳ್ಳುವ ಆಸೆ ಸಹಜ. ಬೆಂಗಳೂರಿನ ಚಿತ್ರಸಂತೆಯಲ್ಲಿ ಮಳಿಗೆ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಹೋದ ವರ್ಷ ಹೋದದ್ದನ್ನೇ ಈ ವರ್ಷವೂ ಕೇಳುತ್ತಾರೆ. ಹೊಟ್ಟೆಪಾಡಿಗೆ ಅದನ್ನು ಬರೆಯಿರಿ, ಅದರಲ್ಲಿ ತಪ್ಪೇನಿಲ್ಲ. ವಾರದಲ್ಲಿ ಒಂದು ಬೆಳಿಗ್ಗೆ ಮಾತ್ರ ಯಾರಿಗೂ ತೋರಿಸದ ಪುಸ್ತಕದಲ್ಲಿ ಬೇರೆ ಏನಾದರೂ ಬರೆಯಿರಿ. ಪ್ರತಿ ಹಾಳೆಯ ಮೇಲೂ ತಾರೀಖು ಹಾಕಿ. ಇದು ನಿಮಗೂ ದಾರಿ ತೋರಿಸುತ್ತದೆ, ನಾಳೆ ಯಾರಾದರೂ ನಿಮ್ಮದನ್ನು ಎತ್ತಿಕೊಂಡು ತಮ್ಮದು ಅಂದರೆ ದಾಖಲೆಯೂ ಆಗುತ್ತದೆ.

ಗಿರಾಕಿಗಳು ಇನ್ನೊಬ್ಬ ಕಲಾವಿದರ ಚಿತ್ರ ತೋರಿಸಿ ‘ನಮಗೆ ಇದೇ ಥರ ಬೇಕು’ ಅನ್ನುವುದು ಇದ್ದದ್ದೇ. ಆಗ ಸುಮ್ನೆ ಒಪ್ಪಿಕೊಳ್ಳಬೇಡಿ, ಬೇಡ ಅಂತಲೂ ಹೇಳಬೇಡಿ. ಅದರಲ್ಲಿ ಏನು ಇಷ್ಟವಾಯಿತು ಅಂತ ಕೇಳಿ. ‘ಬಣ್ಣ ತಣ್ಣಗಿದೆ’, ‘ಮನುಷ್ಯರು ಚಿಕ್ಕದಾಗಿದ್ದಾರೆ’ ಅನ್ನುವ ಥರದ ಉತ್ತರ ಬಂದರೆ ಅದನ್ನು ನಿಮ್ಮ ರೀತಿಯಲ್ಲಿ ಮಾಡಿಕೊಡಬಹುದು. ಎರಡು ಚಿಕ್ಕ ಸ್ಕೆಚ್ ಮಾಡಿ ತೋರಿಸಿ. ಇಲ್ಲ, ಅದೇ ಬೇಕು ಅಂತ ಹಿಡಿದರೆ ಆ ಕಲಾವಿದರ ಹೆಸರು, ಅವರನ್ನು ಸಂಪರ್ಕಿಸುವ ದಾರಿ ಹೇಳಿ ಕಳಿಸಿ. ಆ ಕೆಲಸ ಅವರಿಗೇ ಸಿಗಲಿ.